ಮೀನಿಗೂ ಶನಿವಾರ ಒಪ್ಪತ್ತು

ಕೋಪಿಷ್ಠರು ಸಾಕಬೇಕಾದದ್ದು ಮೀನನ್ನೇ. ನಾಯಿಯನ್ನು ಗದರಿದರೆ ಅದು ತಿರುಗಿ ಬೊಗಳುತ್ತದೆ, ಬೆಕ್ಕು ನಮ್ಮನ್ನು ಕೀಳಾಗಿ ನೋಡಿ ಎದ್ದುಹೋಗುತ್ತದೆ, ಗಿಳಿಯಂತೂ ನಮ್ಮ ಬೈಗುಳವನ್ನೇ ಕಲಿತು ನೆಂಟರ ಮುಂದೆ ಒಪ್ಪಿಸುತ್ತದೆ. ಮೀನು ಹಾಗಲ್ಲ, ಮನೆಯ ಮಾನ ಕಾಯುತ್ತದೆ. ನನ್ನ ಬಿ.ಪಿ. ನೋಡಿ ಗಾಬರಿಯಾದ ಡಾಕ್ಟರು, ಮನಸ್ಸು ಶಾಂತವಾಗುವಂಥ ಹವ್ಯಾಸ ಇಟ್ಟುಕೊಳ್ಳಿ ಎಂದಾಗ ನನಗೆ ಹೊಳೆದದ್ದು ಇದೇ. ಶಾಂತಿಯನ್ನು ತಿಂಗಳ ಲೆಕ್ಕದಲ್ಲಿ ಮಾರುವ ತಂಪು ಕೋಣೆಗಳು ಇಂದಿರಾನಗರದಲ್ಲಿ ಬೇಕಾದಷ್ಟಿವೆ. ಆದರೆ ಅಲ್ಲಿ ಕಣ್ಣು ಮುಚ್ಚಿ ಕೂತಿದ್ದವರೇ ಹೊರಗೆ ಬಂದು ಪಾರ್ಕಿಂಗಿಗಾಗಿ ಕೊರಳಪಟ್ಟಿ ಹಿಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೀಗೆ ಶಿವಾಜಿನಗರದ ಅಂಗಡಿಯೊಂದರಿಂದ ಗಾಜಿನ ತೊಟ್ಟಿ, ನೀರೊಳಗೆ ಬೆಳೆಯುವ ಗಿಡಗಳು, ಅರ್ಧ ಬೆರಳುದ್ದದ ನಿಯಾನ್ ಟೆಟ್ರಾ ಮೀನುಗಳ ಒಂದು ಹಿಂಡು ನಮ್ಮ ಜೋಗುಪಾಳ್ಯದ ಬಾಡಿಗೆ ಮನೆಗೆ ಬಂದವು. ಅಂಗಡಿಯ ಸಾಹೇಬರು ಒಂದೇ ಎಚ್ಚರಿಕೆ ಕೊಟ್ಟಿದ್ದರು. ಈ ಮೀನು ಹಸಿದು ಸಾಯುವುದು ಕಡಿಮೆ, ಹೆಚ್ಚು ಹಾಕಿದರೆ ನೀರು ಕೆಟ್ಟು ಸಾಯುತ್ತದೆ. ದಿನಕ್ಕೊಂದು ಚಿಟಿಕೆ ಸಾಕು, ವಾರದಲ್ಲಿ ಒಂದು ದಿನ ಅದೂ ಬೇಡ, ಆವತ್ತು ಅದಕ್ಕೂ ರೋಜಾ ಉಪವಾಸ ಅಂದುಕೊಳ್ಳಿ ಎಂದರು. ಆಮೇಲೆ ಆಫೀಸಿನಲ್ಲಿ ನಾನು ಶಾಂತಿಯ ಬಗ್ಗೆ ಎಷ್ಟು ಉಪನ್ಯಾಸ ಕೊಟ್ಟೆನೆಂದರೆ, ಊಟದ ಹೊತ್ತಿಗೆ ನನ್ನ ಎದುರಿನ ಕುರ್ಚಿಗಳು ತಾವಾಗಿಯೇ ಖಾಲಿಯಾಗತೊಡಗಿದವು.

ಆಗ ಅತ್ತೆ ಬಂದರು. ಅತ್ತೆ ಎಂದರೆ ನನ್ನ ಹೆಂಡತಿ ಮಂಜುಳಾಳ ತಾಯಿ, ಕೆ.ಆರ್. ಪುರದ ಕಡೆಯವರು. ಅವರ ರಾಗಿ ಹೊಲ ಈಗ ಲೇಔಟು; ಆದರೆ ಕಣದ ತುಂಬ ಆಳುಗಳಿಗೆ ಬಡಿಸಿದ ಕೈ ಮಾತ್ರ ಹಾಗೇ ಇದೆ. ತೊಟ್ಟಿಯನ್ನು ಸುತ್ತಲೂ ನೋಡಿ, ಇವು ಒಂದು ಹೊತ್ತಿನ ಸಾರಿಗೂ ಆಗಲ್ಲವಲ್ಲ ಎಂದು ಮರುಗಿದರು. ಮರುದಿನ ಅವೇ ಮೀನುಗಳು 'ಪಾಪ, ಸೊರಗಿರೋ ಕೂಸುಗಳು' ಆದವು. ನೆಂಟರು ಸಾಕು ಎಂದರೆ ಅದನ್ನು ಸಂಕೋಚವೆಂದೇ ತಿಳಿದು ಇನ್ನೊಂದು ಮುದ್ದೆ ಹಾಕುವವರು ಅವರು. ಸಾಕು ಎನ್ನಲೂ ಬಾರದ ಪ್ರಾಣಿ ಅವರ ಕೈಗೆ ಸಿಕ್ಕರೆ ಕೇಳಬೇಕೆ?

ಮೀನುಗಳ ಉಪವಾಸಕ್ಕೆ ನಾನು ಶನಿವಾರವನ್ನು ಗೊತ್ತುಮಾಡಿದೆ. ಅತ್ತೆ ಮರುಮಾತಿಲ್ಲದೆ ಒಪ್ಪಿದರು. ಮೀನಿನ ಪುಡಿಯಲ್ಲಿ ಒಣಸಿಗಡಿ ಇದೆಯೆಂದು ಅವರಿಗೆ ಆಗಲೇ ಗೊತ್ತಾಗಿತ್ತು. ತಿಮ್ಮಪ್ಪನ ವಾರ ಅದನ್ನು ಮುಟ್ಟುವ ಹಾಗೆಯೇ ಇಲ್ಲವಂತೆ. ವಿಜ್ಞಾನಕ್ಕೆ ತಿಮ್ಮಪ್ಪನ ಬೆಂಬಲ ಸಿಕ್ಕಿತೆಂದು ನಾನು ಹಿಗ್ಗಿದೆ. ನಮ್ಮ ಮನೆಗಳಲ್ಲಿ ಒಪ್ಪತ್ತು ಎಂದರೆ ಅನ್ನ ಬಿಟ್ಟು ಮಿಕ್ಕಿದ್ದೆಲ್ಲವನ್ನೂ ತಿನ್ನುವುದು ಎಂಬುದು ಆ ಹಿಗ್ಗಿನಲ್ಲಿ ಮರೆತೇಹೋಯಿತು.

ಆ ಶನಿವಾರ ಸಂಜೆ ಹಲಸೂರಿನಿಂದ ತರಕಾರಿ ತಂದು ನೋಡುತ್ತೇನೆ, ತೊಟ್ಟಿಯ ನೀರು ಮಜ್ಜಿಗೆಯಾಗಿದೆ! ಗಿಡಗಳ ಬುಡದಲ್ಲಿ ರವೆ ಊದಿಕೊಂಡಿದೆ, ಎಲೆಗೊಂದು ಕರಿಬೇವು ಸಿಕ್ಕಿಕೊಂಡಿದೆ, ಎರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತಿವೆ.

"ಒಪ್ಪತ್ತಲ್ವಾ ಅಳಿಯಂದ್ರೆ, ಒಸಿ ಉಪ್ಪಿಟ್ಟು ಹಾಕ್ದೆ" ಎಂದರು ಅತ್ತೆ. "ಸಾಸಿವೆ ಆರಿಸಿ ತೆಗ್ದೇ ಹಾಕಿದೀನಿ."

ನಾನು ಕಿರುಚಿದ ಕಿರುಚಾಟಕ್ಕೆ ಕೆಳಗಿನ ಮನೆಯವರು ಮೆಟ್ಟಿಲವರೆಗೆ ಬಂದರು. ಉಣಿಸಿ ಉಣಿಸಿಯೇ ಕೊಲ್ಲುವ ಕೈ ಇದು ಎಂದೂ ಅಂದುಬಿಟ್ಟೆ. ಅತ್ತೆ ಒಳಗೆ ಹೋಗಿ ಚೀಲಕ್ಕೆ ಸೀರೆ ತುಂಬತೊಡಗಿದರು. ಮಂಜುಳಾ ಮಾತ್ರ ನನ್ನ ಹತ್ತಿರ ಬಂದು ತಣ್ಣಗೆ ಹೇಳಿದಳು, "ಅಮ್ಮ ಹೋದ್ರೆ ನಿಮ್ಮ ತೊಟ್ಟಿನೂ ಹೋಗುತ್ತೆ ರೀ. ನೋಡ್ಕೊಳ್ಳಿ."

ಮೊದಲು ತೊಟ್ಟಿಯ ನೀರು ಬದಲಾಯಿಸಿ ಉಳಿದ ಮೀನುಗಳ ಜೀವ ಉಳಿಸಿದೆ. ಆಮೇಲೆ ಒಳಗೆ ಹೋಗಿ ಅತ್ತೆಯ ಚೀಲವನ್ನು ನೋಡುತ್ತಾ ತಪ್ಪಾಯಿತು ಎಂದೆ. ಆ ಕ್ರಮದಲ್ಲೇ ನನ್ನ ಯೋಗ್ಯತೆ ಗೊತ್ತಾಗುತ್ತದೆ. ಅತ್ತೆ ಉಳಿಯಲು ಒಪ್ಪಿದರು, ಮೀನಿಗೆ ಏನೂ ಹಾಕುವುದಿಲ್ಲವೆಂದೂ ಒಪ್ಪಿದರು. ಆದರೆ ಒಂದು ಷರತ್ತು. ಮೂಕಪ್ರಾಣಿಯನ್ನು ಉಪವಾಸ ಕೆಡವಿ ಯಜಮಾನ ಉಣ್ಣುವುದು ಅನ್ಯಾಯ, ಹಾಗಾಗಿ ಶನಿವಾರ ನನಗೂ ಉಪವಾಸ. ಅವರ ಒಪ್ಪತ್ತಿನ ಹಾಗಲ್ಲ, ಮೀನಿನ ಹಾಗೆ, ಬರೀ ನೀರು.

ಮುಂದಿನ ಶನಿವಾರ ಮಧ್ಯಾಹ್ನಕ್ಕೇ ನನಗೆ ಕಣ್ಣು ಕತ್ತಲೆ ಬಂತು. ಅಡುಗೆಮನೆಯಿಂದ ಒಗ್ಗರಣೆಯ ಘಮ ಬೇರೆ. ಶಾಂತಿಗೆಂದು ತೊಟ್ಟಿಯ ಮುಂದೆ ಕೂತೆ. ಮೀನುಗಳೆಲ್ಲ ಗಾಜಿಗೆ ಮುತ್ತಿ ನನ್ನನ್ನೇ ನೋಡುತ್ತಾ ಬಾಯಿ ತೆರೆದು ಮುಚ್ಚಿ ಮಾಡತೊಡಗಿದವು. ಇಷ್ಟು ದಿನ ಅದನ್ನು ನಾನು ಸೌಂದರ್ಯವೆಂದು ಸವಿದಿದ್ದೆ. ಆವತ್ತು ಅದು ಹಸಿವಿನಂತೆ ಕಂಡಿತು. ಆಚೀಚೆ ನೋಡಿ, ಡಬ್ಬಿ ತೆರೆದು, ಒಂದು ಚಿಟಿಕೆ ಪುಡಿ ಉದುರಿಸಿಯೇಬಿಟ್ಟೆ.

ತಿರುಗಿ ನೋಡಿದರೆ ಅತ್ತೆ ನಿಂತಿದ್ದರು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಉಪ್ಪಿಟ್ಟಿನ ಪಾತ್ರೆ. ತಟ್ಟೆಯನ್ನು ನನ್ನ ಮುಂದಿಟ್ಟು ಬಡಿಸಿದರು. ನಾನು ತಲೆ ಎತ್ತದೆ ತಿಂದೆ.

"ಹಸಿವಾದ್ರೆ ಅವು ಬರೀ ಬಾಯಿ ತೆರೀತವೆ ಅಳಿಯಂದ್ರೆ, ಕಿರುಚಲ್ಲ" ಎಂದರು.

ಉತ್ತರ ಕೊಡಲೇಬೇಕೆಂದು ಬಾಯಿ ತೆರೆದೆ. ಅವರು ಇನ್ನೊಂದು ಸೌಟು ಬಡಿಸಿದರು.