ಕೆರೆ ಅಂಗಳದ ವಕೀಲ

ಪಟೇಲ ಶಿವಮೂರ್ತಪ್ಪ ಕೆರೆಯ ಅಂಗಳಕ್ಕೆ ಇಳಿದು, ಒಂದು ಹಿಡಿ ಕಪ್ಪು ಮಣ್ಣು ತೆಗೆದು ಮೂಸಿ ನೋಡಿ, ಪಂಚೆಯ ತುದಿಗೆ ಕೈ ಒರೆಸಿಕೊಂಡು ಏರಿ ಹತ್ತಿ ಹೋದ. ನಡೆದದ್ದು ಅಷ್ಟೇ. ದೂರದಲ್ಲಿ ಕುರಿಗಳ ನಡುವೆ ಕೋಲೂರಿ ನಿಂತಿದ್ದ ಚಿಕ್ಕಬೀರಪ್ಪ ಅದನ್ನು ನೋಡಿದ. ನೋಡಿದ ಮೇಲೆ ಅವನಿಗೆ ಆ ಸಂಜೆ ರೊಟ್ಟಿ ಸೇರಲಿಲ್ಲ. ಮರುದಿನ ಬೆಳಕು ಹರಿಯುತ್ತಲೇ ತಳವಾರ ಹಲಗೆ ಬಡಿಯುತ್ತ ಬಂದ: ಕೆರೆ ಅಂಗಳ ಉಳುವ ವಿಷಯವಾಗಿ ಚಾವಡಿಯಲ್ಲಿ ಸಭೆ, ಮನೆಗೊಬ್ಬರು ಬರಬೇಕು.

ಹೊನ್ನೆಕಟ್ಟೆ ಸೊರಬ ತಾಲ್ಲೂಕಿನ ಅಂಚಿನ ಊರು. ಸಂತೆಗೆ ಶಿರಾಳಕೊಪ್ಪ, ಕಚೇರಿಗೆ ಸೊರಬ. ಶಿವರಾತ್ರಿ ಕಳೆದ ಮೇಲೆ ಅಲ್ಲಿಯ ಕೆರೆಯ ನೀರು ಹಿಂದೆ ಸರಿದು, ಬಿಟ್ಟ ಜಾಗದಲ್ಲೆಲ್ಲ ಗರಿಕೆ ಚಿಗುರುತ್ತದೆ. ಉಳಿದ ನೆಲ ಸುಟ್ಟ ಹಂಚಿನಂತಾದ ತಿಂಗಳುಗಳಲ್ಲಿ ಚಿಕ್ಕಬೀರಪ್ಪನ ಹಿಂಡು ಬದುಕುತ್ತಿದ್ದುದು ಆ ಹಸಿರಿನ ಮೇಲೆ. ಊರಿನಲ್ಲಿ ಬೇರೆ ಯಾರಿಗೂ ಕುರಿಯಿರಲಿಲ್ಲ. ಅಂಗಳ ಹೋದರೆ ಹಿಂಡನ್ನು ಮಾರಬೇಕು, ಇಲ್ಲವೇ ಹೊಡೆದುಕೊಂಡು ಹಿರೇಕೆರೂರಿನ ಬಯಲಿಗೆ ಹೋಗಬೇಕು. ಹಿಂದೊಮ್ಮೆ ಹೋದಾಗ ಅರ್ಧ ಹಿಂಡು ರೋಗ ಬಂದು ದಾರಿಯಲ್ಲೇ ಉಳಿದಿತ್ತು.

ಆದ್ದರಿಂದ ಅವನು ಸಭೆಯಲ್ಲಿ ಮಾತಾಡಲೇಬೇಕಾಗಿತ್ತು. ತೊಂದರೆಯೆಂದರೆ ಅವನಿಗೆ ವಾದ ಮಾಡಲು ಬಾರದು. ದಿನವಿಡೀ ಕುರಿಗಳೊಂದಿಗೆ ಮಾತಾಡುವವನಿಗೆ ಎದುರುತ್ತರ ಕೇಳಿ ರೂಢಿಯಿರಲಿಲ್ಲ. ಯಾರಾದರೂ ಎದುರಾಡಿದರೆ ಅವನ ನಾಲಿಗೆ ನೆನೆದ ಕಂಬಳಿಯಷ್ಟು ಭಾರವಾಗುತ್ತಿತ್ತು. ಕೊನೆಗೆ "ಆಗ್ಲಿ ಬಿಡ್ರಿ" ಎಂದು ಎದ್ದು ಬರುತ್ತಿದ್ದ.

"ಇವತ್ತು ಆಗ್ಲಿ ಅಂದು ಬಂದ್ರೆ ಮನಿಗೆ ಬರಬ್ಯಾಡ," ಎಂದು ಹೆಂಡತಿ ದ್ಯಾಮಮ್ಮ ಒಲೆಯ ಮುಂದಿನಿಂದಲೇ ಹೇಳಿದಳು. "ಹೇಳೋದು ಹೇಳು, ಹೇಳಿ ಬಾಯಿ ಮುಚ್ಚು. ನೀನು ಸುಮ್ನಾದ್ರೆ ಅವ್ರು ಮಾತಾಡಬೇಕಾಗ್ತದ. ನಿಂದು ತಿರುವುಮುರುವು. ಹೇಳೋದು ಬಿಟ್ಟು ಮಿಕ್ಕಿದ್ದೆಲ್ಲ ಹೇಳ್ತಿ."

ಇಷ್ಟರಿಂದ ಧೈರ್ಯ ಸಾಲದೆ ಅವನು ಮಹೇಶ್ವರಪ್ಪನ ಅಂಗಡಿಗೆ ಹೋದ. ಮಹೇಶ್ವರಪ್ಪ ಊರಿಗೆಲ್ಲ ಬೇಳೆ ಬೆಲ್ಲ ತೂಗುವವನು. ಹುಳ ಹಿಡಿದ ಹೆಸರುಕಾಳನ್ನು ನಗುನಗುತ್ತ ಮಾರಬಲ್ಲ ಎಂಬ ಹೆಸರು ಅವನಿಗಿತ್ತು. ಅಂಗಡಿಯ ಕಟ್ಟೆಯ ಮೇಲೆ ಗುಡ್ಡಪ್ಪ ಎಂದಿನಂತೆ ಕೂತಿದ್ದ. ಗುಡ್ಡಪ್ಪ ರಾಜಕೀಯದ ಮನುಷ್ಯ. ಹೋದ ಚುನಾವಣೆಯಲ್ಲಿ ಯಾರದೋ ಪರವಾಗಿ ಜೀಪಿನಲ್ಲಿ ಕೂತು ಕೂಗಿದ್ದ. ಆ ಯಾರೋ ಸೋತರೂ ಗುಡ್ಡಪ್ಪನ ಗಂಟಲು ಗೆದ್ದಂತೆಯೇ ಉಳಿದಿತ್ತು.

ವಿಷಯ ಕೇಳಿ ಇಬ್ಬರೂ ಗಂಭೀರರಾದರು. ಇನ್ನೊಬ್ಬರ ಕಷ್ಟಕ್ಕೆ ಬುದ್ಧಿ ಹೇಳುವಾಗ ಊರಿನಲ್ಲಿ ಎಲ್ಲರೂ ಗಂಭೀರರಾಗುತ್ತಾರೆ.

ಗಿರಾಕಿ ಏನಂದರೂ ಮೊದಲು ಹೌದೆನ್ನಬೇಕು ಎಂಬುದು ಮಹೇಶ್ವರಪ್ಪನ ಮತ. ಹೌದೆಂದ ಕೂಡಲೇ ಅವನ ಬಿಗಿ ಸಡಿಲುತ್ತದೆ. "ಆಮೇಲೆ ಅವನ ಲಾಭ ಅವನಿಗೆ ತೋರ್ಸು. ನಿನ್ನ ಲಾಭದ ಸುದ್ದಿ ಎತ್ತಲೇಬ್ಯಾಡ. ಅಂಗಡಿಯವ್ನು ತನ್ನ ಹೊಟ್ಟೆ ತೋರ್ಸಿದ್ರೆ ಯಾರು ಕೊಳ್ತಾರೆ?"

ಗುಡ್ಡಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಅದು ವ್ಯಾಪಾರ ಆತು. ಸಭೆ ಬ್ಯಾರೆ. ಸಭೆಯಾಗೆ 'ನಾನು' ಅನ್ನೋ ಮಾತು ಬರಬಾರ್ದು. ನನ್ನ ಕುರಿ ಅಂದ್ರೆ ನಗ್ತಾರೆ. ಊರ ಗೊಬ್ಬರ ಅಂದ್ರೆ ಕಿವಿ ಕೊಡ್ತಾರೆ. ತಿಳೀತಾ?"

ಚಿಕ್ಕಬೀರಪ್ಪನಿಗೆ ತಿಳಿಯಿತು. ಅವನು ಮೂರು ಜನರ ಬುದ್ಧಿಯನ್ನೂ ತುಂಬಿದ ಕೊಡದ ಹಾಗೆ ತಲೆಯ ಮೇಲೆ ಹೊತ್ತುಕೊಂಡು, ಅಲ್ಲಾಡಿಸದೆ ಚಾವಡಿಯ ಕಡೆ ನಡೆದ. ದಾರಿಯಲ್ಲಿ ಯಾರು ಮಾತಾಡಿಸಿದರೂ ಓಗೊಡಲಿಲ್ಲ.

ಸಭೆಯಲ್ಲಿ ಶಿವಮೂರ್ತಪ್ಪ ಮೊದಲು ಮಾತಾಡಿದ. ಸರ್ಕಾರ ಹೆಚ್ಚು ಆಹಾರ ಬೆಳೆಯಿರಿ ಎನ್ನುತ್ತಿದೆ, ಇಂಥ ಮಣ್ಣು ಬೀಳು ಬಿದ್ದಿರುವುದು ಪಾಪ, ವರ್ಷದ ಗುತ್ತಿಗೆಗೆ ಕೇಳಿದರೆ ಕೊಟ್ಟಾರು ಎಂದ. ಚಿಕ್ಕಬೀರಪ್ಪ ಎದ್ದು ನಿಂತ. ಅವನು ಎದ್ದದ್ದನ್ನು ನೋಡಿ ಹಿಂದೆ ಕೂತವರು ಯಾವುದೋ ಕುರಿ ತಪ್ಪಿಸಿಕೊಂಡಿತೆಂದು ಬಾಗಿಲ ಕಡೆ ತಿರುಗಿದರು.

"ಗೌಡ್ರು ಹೇಳಿದ್ದು ಖರೆ," ಎಂದ ಚಿಕ್ಕಬೀರಪ್ಪ. "ಮಣ್ಣು ಒಳ್ಳೇದೈತಿ. ಬಿತ್ತಿದ್ರೆ ಬರ್ತದ."

ಶಿವಮೂರ್ತಪ್ಪ ತಲೆದೂಗಿದ. ಮಹೇಶ್ವರಪ್ಪ ಗೋಡೆಗೊರಗಿ ಕಣ್ಣು ಮುಚ್ಚಿ ಕೇಳತೊಡಗಿದ. ಚಿಕ್ಕಬೀರಪ್ಪ ಮುಂದುವರಿದ. ಕಳೆದ ಬೇಸಗೆಯಲ್ಲಿ ಯಾರ ಯಾರ ಗದ್ದೆಯಲ್ಲಿ ರಾತ್ರಿ ಹಿಂಡು ತಂಗಿತ್ತು, ಅಲ್ಲಿ ಬಿದ್ದ ಹಿಕ್ಕೆಯ ಮೇಲೆ ಭತ್ತ ಹೇಗೆ ಎದೆಯುದ್ದ ಬಂತು, ಹಿಂಡು ನಿಲ್ಲಿಸಿಕೊಳ್ಳದ ಪಕ್ಕದ ಗದ್ದೆಯಲ್ಲಿ ಹೇಗೆ ಮೊಣಕಾಲಿಗೇ ನಿಂತಿತು ಎಂದು ಒಂದೊಂದಾಗಿ ಹೇಳಿದ. ಗೌಡರ ಗದ್ದೆಯನ್ನೂ ಬಿಡಲಿಲ್ಲ. ಒಮ್ಮೆಯೂ 'ನಾನು' ಎನ್ನಲಿಲ್ಲ.

"ಅಂಗಳದಾಗೆ ಒಂದು ಬೆಳಿ ಬರ್ತದ, ಹೌದು. ಆದ್ರ ಮೇವಿಲ್ಲದ ಹಿಂಡು ಊರಾಗೆ ನಿಲ್ಲಂಗಿಲ್ಲ. ಕೆರಿಯಾಗೆ ಒಂದು ಬೆಳಿ ತಗೊಳ್ಳಾಕೆ ಹೋದ್ರ, ಊರ ಗೊಬ್ಬರ ನಾಕು ಕಾಲ್ಮೇಲೆ ಹಿರೇಕೆರೂರಿಗೆ ನಡ್ಕೊಂಡು ಹೋಗ್ತದ. ಅಲ್ಲಿಯೋರ ಗದ್ದಿ ಬೆಳೀತದ."

ಹೇಳಿ ಬಾಯಿ ಮುಚ್ಚಿದ.

ಮುದುಕನೊಬ್ಬ "ನಿಜವಪ್ಪ" ಎಂದ. ಇನ್ನೊಬ್ಬ ಹೌದೌದೆಂದ. ಕುರಿಗಾರನ ಹೊಟ್ಟೆಯಲ್ಲಿ ಇಷ್ಟೊಂದು ಮಾತು ಎಲ್ಲಿ ಅಡಗಿತ್ತೆಂದು ಜನ ಒಬ್ಬರ ಮುಖ ಒಬ್ಬರು ನೋಡಿದರು. ಇದೆಲ್ಲ ತಾನು ಹೇಳಿಕೊಟ್ಟದ್ದೆಂದು ಗುಡ್ಡಪ್ಪ ಅಕ್ಕಪಕ್ಕದವರಿಗೆ ತಿಳಿಸಿದ. ಶಿವಮೂರ್ತಪ್ಪ ಬಹಳ ಹೊತ್ತು ಮೀಸೆ ತೀಡಿಕೊಂಡು, ಕೊನೆಗೆ ಎದುರಿನ ತಟ್ಟೆಯಿಂದ ಎಲೆ ಅಡಿಕೆ ತೆಗೆದು ತಾನೇ ಎದ್ದು ಬಂದು ಚಿಕ್ಕಬೀರಪ್ಪನ ಕೈಗೆ ಕೊಟ್ಟ.

ಗೌಡ ತಾನಾಗಿ ಎದ್ದು ಬಂದದ್ದೇ ದೊಡ್ಡದು. ಗೆದ್ದೆನೆಂದು ಚಿಕ್ಕಬೀರಪ್ಪನ ಕಣ್ಣು ತುಂಬಿತು. ಎಲೆಯನ್ನು ಮಡಿಸಿ ಬಾಯಿಗಿಟ್ಟು ಅಗಿದ.

"ಸರಿ, ಆಳು ಸಿಕ್ಕಿದ," ಎಂದ ಶಿವಮೂರ್ತಪ್ಪ. "ಅಮಲ್ದಾರ್ರ ಹತ್ರ ಇವನೇ ಹೋಗ್ಲಿ."

ಚಿಕ್ಕಬೀರಪ್ಪ ಅಗಿಯುವುದನ್ನು ನಿಲ್ಲಿಸಿದ. "ಏನು ಕೇಳಾಕೆ, ಗೌಡ್ರೆ?"

"ಕೆರೆ ಅಂಗಳ ಉಳೋಕೆ ಕೊಡ್ರಿ ಅಂತ ಕೇಳೋಕೆ. ಉಳೋದು ಅಂತ ನಿನ್ನೆನೇ ಮನೆಮನೆಗೆ ಮಾತಾಗೇತಲ್ಲೋ. ಇವತ್ತು ಸಭೆ ಕರೆದದ್ದು ಕೇಳೋಕೆ ಯಾರು ಹೋಗ್ಬೇಕು ಅಂತ ನೋಡೋಕೆ."

ಊರಿಗೆಲ್ಲ ಗೊತ್ತಿದ್ದ ಈ ಸಂಗತಿ, ಊರಾಚೆಯ ಹಟ್ಟಿಯಲ್ಲಿದ್ದ ಅವನೊಬ್ಬನಿಗೆ ಗೊತ್ತಿರಲಿಲ್ಲ. ಬುದ್ಧಿ ಹೇಳಿದವರು ಅವನಿಗೂ ಗೊತ್ತಿದೆಯೆಂದೇ ತಿಳಿದಿದ್ದರು. ಹೋಗಲು ಯಾರೂ ಮುಂದೆ ಬಾರದಿದ್ದುದಕ್ಕೂ ಕಾರಣವಿತ್ತು. ತಾಲ್ಲೂಕಿಗೆ ಬಂದಿದ್ದ ಹೊಸ ಅಮಲ್ದಾರರು ಖಡಕ್ ಮನುಷ್ಯ. ಹೋದ ತಿಂಗಳು ಶಿವಮೂರ್ತಪ್ಪನೇ ಬೇರೊಂದು ಅರ್ಜಿ ಹಿಡಿದು ಹೋಗಿ, ಊರು ಹಸಿದು ಸಾಯುತ್ತಿದೆ ಸ್ವಾಮಿ ಎಂದು ಕೈಮುಗಿದಿದ್ದ. ಅಮಲ್ದಾರರು ಅವನ ಹೊಟ್ಟೆಯನ್ನೇ ಸ್ವಲ್ಪ ಹೊತ್ತು ನೋಡಿ, ಹಸಿದವರು ಯಾರಾದರೂ ಇದ್ದರೆ ಅವರನ್ನು ಕಳಿಸಿ ಎಂದಿದ್ದರು.

ಚಿಕ್ಕಬೀರಪ್ಪ ಬಾಯಲ್ಲಿ ತುಂಬಿದ ಕೆಂಪು ರಸದ ನಡುವೆಯೇ, ತಾನು ಈಗಷ್ಟೇ ಅದಕ್ಕೆ ಎದುರಾಗಿ ಮಾತಾಡಿದವನೆಂದು ನೆನಪಿಸಿದ.

"ಮಾತು ಚಂದ ಇತ್ತು," ಎಂದ ಶಿವಮೂರ್ತಪ್ಪ. "ನಾವು ಚಂದ ಇಲ್ಲ ಅಂದ್ವಾ? ಅದಕ್ಕೇ ಅಲ್ವಾ ನಿನ್ನ ಕಳಿಸೋದು."

"ಎದುರು ಪಾರ್ಟಿ ಮಾತು ಗೊತ್ತಿದ್ದೋನೇ ವಕೀಲ," ಎಂದು ಗುಡ್ಡಪ್ಪ ಸಮಾಧಾನ ಹೇಳಿದ. "ಶಿಕಾರಿಪುರದ ಕೋರ್ಟಿನಾಗೆ ನೋಡಿಲ್ಲೇನು? ಬೆಳಿಗ್ಗೆ ಇವನ ಕಡೆ, ಮಧ್ಯಾಹ್ನ ಅವನ ಕಡೆ. ಕರಿ ಕೋಟು ಅದೇ."

ಹೊನ್ನೆಕಟ್ಟೆಯಲ್ಲಿ ಸಭೆ ಕೊಟ್ಟ ಎಲೆ ಬಾಯಿಗಿಟ್ಟವನು ಸಭೆಯ ಕೆಲಸ ಒಪ್ಪಿಕೊಂಡಂತೆ. ಅಗಿದ ಮೇಲೆ ಒಲ್ಲೆನೆಂದವನ ಮನೆಗೆ ಬೆಂಕಿ ಕೊಡುವವರಿಲ್ಲ, ಹೆಣ ಹೊರುವವರಿಲ್ಲ. ಚಿಕ್ಕಬೀರಪ್ಪ ರಸವನ್ನು ನುಂಗಿದ.

ಅಂದೇ ಸೊರಬದ ಬಸ್ಸಿನಲ್ಲಿ ಗುಡ್ಡಪ್ಪ ಜೊತೆಗೆ ಕೂತ. ಊರು ಅವನನ್ನು ಕಾವಲಿಗೆ ಕಳಿಸಿತ್ತು. ಆನವಟ್ಟಿಯ ಕಡೆಯ ಎಮ್ಮೆ ವ್ಯಾಪಾರಿಗಳ ಮೊಣಕೈಗಳ ನಡುವೆ ಸಿಕ್ಕಿಕೊಂಡು ಚಿಕ್ಕಬೀರಪ್ಪ ಯೋಚಿಸಿದ. ಅಂಗಳ ಕೊಡಬೇಡಿ ಎಂದು ಅಮಲ್ದಾರರಿಗೆ ಹೇಳಿದರೆ ಊರಿಗೆ ದ್ರೋಹವಾಗುತ್ತದೆ. ಆದರೆ ಕೊಡಿ ಎಂಬುದನ್ನೇ ಕೆಟ್ಟದಾಗಿ ಹೇಳಿದರೆ? ಅದರಲ್ಲಿ ದ್ರೋಹವೇನಿದೆ? ಅವನು ಹುಟ್ಟಿದಾಗಿನಿಂದ ಮಾತಾಡುತ್ತಿದ್ದುದೇ ಹಾಗೆ. ಬೆಳಗಿನ ಬುದ್ಧಿಮಾತುಗಳನ್ನೆಲ್ಲ ತಲೆಕೆಳಗು ಮಾಡಿದರೆ ಸಾಕು. ಊರಿನ ಲಾಭ ಹೇಳಬಾರದು, ಊರು ಅನ್ನಲೇಬಾರದು, ನಾನು ನಾನು ಅನ್ನಬೇಕು. ಸೊರಬ ಬರುವಷ್ಟರಲ್ಲಿ ಅವನ ಮುಖ ತಿಳಿಯಾಗಿತ್ತು. ಗುಡ್ಡಪ್ಪ ಅದನ್ನು ಉತ್ಸಾಹವೆಂದು ತಿಳಿದ.

ಕಚೇರಿಯ ಬಾಗಿಲಲ್ಲಿ, ಒಬ್ಬನೇ ಒಳಗೆ ಹೋಗಬೇಕೆಂದು ಜವಾನ ತಡೆದ. ಗುಡ್ಡಪ್ಪ ತಾನು ಯಾರೆಂದು ಹೇಳಿ ನೋಡಿದ. ಜವಾನನಿಗೆ ಅದರಿಂದ ಏನೂ ಆಗಲಿಲ್ಲ.

ಒಳಗೆ ಅಮಲ್ದಾರರು ತಲೆಯೆತ್ತದೆ ಬರೆಯುತ್ತಿದ್ದರು. ಗೋಡೆಯ ಮೇಲೆ ಕೊಬ್ಬಿದ ತೆನೆಯೊಂದನ್ನು ಹಿಡಿದು ನಗುತ್ತಿದ್ದ ರೈತನ ಚಿತ್ರವಿತ್ತು.

"ಏನು?"

"ಹೊನ್ನೆಕಟ್ಟೆ ಕೆರೆ ಅಂಗಳ ಉಳಾಕೆ ಬೇಕಂತ, ಸ್ವಾಮಿ."

"ಊರಲ್ಲಿ ಉಣ್ಣೋದಕ್ಕೆ ಇಲ್ಲ ಅಂತೀಯ?"

"ಐತಿ ಸ್ವಾಮಿ. ಎಲ್ಲರ ಮನಿಯಾಗೂ ಐತಿ. ಗೌಡ್ರ ಕಣಜ ತುಂಬಿ ಹೊರಗೆ ಮೂಟೆ ಇಟ್ಟಾರೆ."

ಅಮಲ್ದಾರರ ಲೇಖನಿ ನಿಂತಿತು. ತಲೆಯೆತ್ತಿದರು. ಬೆಳಿಗ್ಗೆಯಿಂದ ಆ ಕೋಣೆಯಲ್ಲಿ ಎಷ್ಟೋ ಊರುಗಳು ಹಸಿದು ಸತ್ತಿದ್ದವು. ಉಂಡ ಊರು ಇದೇ ಮೊದಲು ಬಂದದ್ದು.

"ಮತ್ತೆ ಯಾಕೆ ಬೇಕು?"

"ನಂಗೆ ತಿಳೀದು."

"ಬೆಳೆ ಬರುತ್ತೇನಯ್ಯ?"

"ಬಂದ್ರೆ ಬಂತು. ಮುಂಗಾರು ಜೋರಾದ್ರೆ ಕೊಯ್ಯೋದ್ರೊಳಗೆ ಮುಳುಗ್ತದ."

ಅಮಲ್ದಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಲಸ ಕೆಡುತ್ತಿದೆಯೆಂದು ಚಿಕ್ಕಬೀರಪ್ಪನಿಗೆ ಒಳಗೊಳಗೇ ಹಿಗ್ಗಾಯಿತು. ಆ ಅಂಗಳದಲ್ಲಿ ಈಗ ಏನು ನಡೆಯುತ್ತಿದೆ ಎಂದು ಅವರು ಕೇಳಿದಾಗ, ಇದೇ ಸರಿಯಾದ ಸಮಯವೆಂದು ಅವನು ಎದೆ ಸೆಟೆಸಿದ.

"ನನ್ನ ಕುರಿ ಮೇಯ್ತಾವೆ ಸ್ವಾಮಿ. ನಂದೇ. ನಾನು ನಮ್ಮಪ್ಪ ಅಲ್ಲೇ ಕಾದದ್ದು. ನಂಗೆ ಬೇರೆ ಮೇವಿಲ್ಲ."

"ಅಂದ್ರೆ ಅಂಗಳ ಉಳೋದಕ್ಕೆ ಕೊಟ್ರೆ ನಿನ್ನ ಕುರಿ ಗತಿ?"

"ಸಾಯ್ತಾವೆ. ನಾನೂ ಊರು ಬಿಡಬೇಕಾಗ್ತದ."

ಅಮಲ್ದಾರರು ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನ ಹಿಂದೆ ಕೈ ಕಟ್ಟಿ ನಿಂತರು. ತಿರುಗಿದಾಗ ಅವರ ಮುಖದಲ್ಲಿದ್ದ ಬಿಗಿ ಪೂರ್ತಿ ಇಳಿದಿತ್ತು.

"ನೋಡಯ್ಯಾ, ಈ ಕುರ್ಚಿಯಲ್ಲಿ ಕೂತು ದಿನಾ ವಾದ ಕೇಳ್ತೀನಿ. ತನಗೆ ಲಾಭ ಇರೋದನ್ನ ದೇಶಕ್ಕೆ ಲಾಭ ಅಂತಾನೆ ಪ್ರತಿಯೊಬ್ಬನೂ. ಒಬ್ಬನೇ ಒಬ್ಬ ತನಗೆ ನಷ್ಟ ಆಗೋದನ್ನ ಕೇಳೋಕೆ ಬಂದಿರಲಿಲ್ಲ. ಯಾವನ ಹೊಟ್ಟೆ ಮೇಲೆ ಹೊಡೆತ ಬೀಳುತ್ತೋ ಅವನೇ ಬಂದು ಕೊಡಿ ಅಂತಿದ್ದಾನೆ ಅಂದ್ಮೇಲೆ, ನಾನು ಇನ್ನೇನು ವಿಚಾರಣೆ ಮಾಡ್ಲಿ?"

ಚಿಕ್ಕಬೀರಪ್ಪ ಬಾಯಿ ತೆರೆದ. ಅದು ಹಾಗಲ್ಲ ಸ್ವಾಮಿ ಎನ್ನಬೇಕಾಗಿತ್ತು. ನಾಲಿಗೆ ಹಳೆಯ ಭಾರಕ್ಕೆ ಮರಳಿತ್ತು.

"ಆಗ್ಲಿ ಸ್ವಾಮಿ," ಎಂದ.

ಅಮಲ್ದಾರರು ಗುಮಾಸ್ತನನ್ನು ಕರೆದು ಆ ಕ್ಷಣವೇ ಹುಕುಂ ಬರೆಸಿದರು. ಬರೆಸುತ್ತ ಬರೆಸುತ್ತ, ಬೆಳೆಯನ್ನು ಕುರಿ ಮೇಕೆಯಿಂದ ಕಾಯುವುದಕ್ಕೆ ಒಬ್ಬ ಕಾವಲುಗಾರ ಬೇಕಲ್ಲ ಎಂದು ನಿಲ್ಲಿಸಿದರು. ಎದುರಿಗೆ ನಿಂತವನನ್ನು ತುಂಬು ವಿಶ್ವಾಸದಿಂದ ನೋಡಿದರು. ಇಷ್ಟು ಸತ್ಯವಂತ ಇನ್ನೊಬ್ಬ ಆ ಊರಿನಲ್ಲಿ ಸಿಗಲಾರ ಎಂದು ಅವರಿಗೆ ಖಾತ್ರಿಯಾಗಿತ್ತು. ಗುಮಾಸ್ತ ಹೆಸರು ಕೇಳಿ ಬರೆದುಕೊಂಡ.

ಸಂಜೆ ಬಸ್ಸಿಳಿದಾಗ ಊರಿನ ಅರ್ಧ ಜನ ರಸ್ತೆಯಲ್ಲಿದ್ದರು. ಗುಡ್ಡಪ್ಪ ಹುಕುಮನ್ನು ಮೇಲೆತ್ತಿ ಹಿಡಿದು, ಒಳಗೆ ನಡೆದ ವಾದವನ್ನು ತಾನು ಕಂಡಂತೆ ಬಣ್ಣಿಸಿದ. ಅದರಲ್ಲಿ ಚಿಕ್ಕಬೀರಪ್ಪ ಮೇಜು ಗುದ್ದಿದ ಪ್ರಸಂಗವೂ ಇತ್ತು. ಶಿವಮೂರ್ತಪ್ಪ ಕಾಗದವನ್ನು ಓದಿಸಿ ಕೇಳಿ ಚಿಕ್ಕಬೀರಪ್ಪನ ಬೆನ್ನು ತಟ್ಟಿದ.

"ನಾನು ಹೋಗಿದ್ರೆ ಆಗ್ತಿರಲಿಲ್ಲ ಕಣೋ," ಎಂದ. "ನೀನು ಬಾಯಿ ಬಿಡದಿದ್ರೂ ಆಗ್ತಿತ್ತು. ನೀನು ಹೋಗಿ ನಿಂತದ್ದೇ ವಾದ."

ಇದನ್ನು ಗೌಡ ಬೆಳಿಗ್ಗೆಯೇ ಯೋಚಿಸಿದ್ದನೋ ಈಗ ಹೊಳೆಯಿತೋ, ಆ ಮುಖ ನೋಡಿ ಹೇಳುವಂತಿರಲಿಲ್ಲ. ಸರ್ಕಾರದ ಅಪ್ಪಣೆಯಾದ ಮೇಲೆ ತಡವೇಕೆ, ಕಾವಲು ಇವತ್ತಿನಿಂದಲೇ ಶುರುವಾಗಲಿ ಎಂದು ಅವನು ತಳವಾರನ ಕೈಯಿಂದ ಬಿದಿರಿನ ದೊಣ್ಣೆಯೊಂದನ್ನು ತರಿಸಿ ಕೊಟ್ಟ.

ಚಿಕ್ಕಬೀರಪ್ಪ ದೊಣ್ಣೆ ಹಿಡಿದು ಕೆರೆಯ ಏರಿ ಹತ್ತಿದ. ಕೆಳಗೆ ಅಂಗಳದ ಗರಿಕೆಯಲ್ಲಿ ಹಿಂಡು ಇನ್ನೂ ತಲೆ ತಗ್ಗಿಸಿ ಮೇಯುತ್ತಿತ್ತು. ಅವನು ಬರುವುದನ್ನೇ ಕಾಯುತ್ತಿದ್ದ ದ್ಯಾಮಮ್ಮ ಸೆರಗು ಸಿಕ್ಕಿಸಿಕೊಂಡು ಎದುರು ಬಂದಳು.

"ಏನಾತು?"

"ಗೆದ್ದೆ," ಎಂದ ಚಿಕ್ಕಬೀರಪ್ಪ. "ಕುರಿ ಹೊರಗೆ ಹೊಡಿ."