ಪ್ಲೇ ಹೋಮಿನ ಮೇಲೆ ನನ್ನ ತಮ್ಮನ ಗುಮಾನಿ

ನನ್ನ ತಮ್ಮ ಮಗಳನ್ನು ಪ್ಲೇ ಹೋಮಿಗೆ ಸೇರಿಸಿದ್ದು ಅವಳು ನಾಲ್ಕಕ್ಷರ ಕಲಿಯಲಿ ಅಂತಲ್ಲ. ಒಳಗೆ ನಡೆಯುವ ಮೋಸ ಬಯಲಾಗಲಿ ಅಂತ! ಅವನ ಪ್ರಕಾರ ಮೂರು ವರ್ಷದ ಆ ಕೂಸು ವಿದ್ಯಾರ್ಥಿಯಲ್ಲ, ಪತ್ತೇದಾರಿಣಿ.

ಗುಮಾನಿ ಅವನ ಹುಟ್ಟುಗುಣ. ಆವರಗೆರೆಯಲ್ಲಿದ್ದುಕೊಂಡು ಗೂಡ್ಸ್ ಆಟೋ ಓಡಿಸುತ್ತಾನೆ. ಪೆಟ್ರೋಲ್ ಬಂಕಿನಾತ "ಮೀಟರು ಸೊನ್ನೆ ನೋಡ್ಕಳ್ರಿ" ಎಂದರೆ, ಅದು ಅಸಲಿ ಸೊನ್ನೆಯೋ ನಕಲಿಯೋ ಎಂದು ಬಗ್ಗಿ ನೋಡುವವನು! ಇಂಥವನಿಗೆ ಹೆಂಡತಿ, "ಪಿ.ಜೆ. ಬಡಾವಣೆಯಾಗ ಒಂದು ಪ್ಲೇ ಹೋಮ್ ಐತೆ, ಮಗಳನ್ನ ಹಾಕೋಣ" ಎಂದರೆ ಸುಮ್ಮನಿರುತ್ತಾನೆಯೇ?

"ಪ್ಲೇ ಅಂದ್ರೆ ಆಟ, ಹೋಮ್ ಅಂದ್ರೆ ಮನಿ. ಎರಡೂ ನಮ್ಮಲ್ಲೇ ಅದಾವಲ್ಲ! ಮತ್ತೆ ಯಾಕ ಅಲ್ಲಿಗೆ?"

ಹೆಂಡತಿ ಹಟ ಬಿಡಲಿಲ್ಲ. ಸೇರಿಸುವ ದಿನ ಹರಿಹರದಿಂದ ನಾನೂ ಹೋಗಿದ್ದೆ, ಜಗಳವಾದರೆ ಬಿಡಿಸಲು ಒಬ್ಬರು ಬೇಕಲ್ಲ!

"ಏನ್ ಕಲಿಸ್ತೀರಿ ಮೇಡಂ?" ಎಂದು ಶುರುಮಾಡಿದ.

"ಆಟ ಆಡಿಸ್ತೀವ್ರಿ. ಹಾಡು, ಕಥೆ. ಮಕ್ಕಳು ಮಕ್ಕಳ ಜೊತೆ ಬೆರೀತಾವ" ಎಂದರು ಟೀಚರು.

"ಬರೆಯೋದು?"

"ಈಗಲೇ ಬ್ಯಾಡ್ರಿ."

ತಮ್ಮ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ನೋಡಕ್ಕ, ಏನೂ ಕಲಿಸಲ್ಲ ಅಂತ ಅವರೇ ಬಾಯಿಬಿಟ್ರು!"

ಅಂದಿನಿಂದ ಪ್ರತಿ ಸಂಜೆ ಮಗಳ ವಿಚಾರಣೆ.

"ಇವತ್ತು ಏನ್ ಕಲಿತೆವ್ವ?"

"ಮಣ್ಣು."

"ನಿನ್ನೆ?"

"ನೀರು."

ತಕ್ಷಣ ನನಗೆ ಫೋನು. "ಅಕ್ಕ, ನಾಳೆ ಎರಡೂ ಕಲಸಿ ಕೆಸರು ಅಂತಾರ ನೋಡು!" ಮರುದಿನ ಕೂಸು ಮೊಣಕಾಲತನಕ ಕೆಸರು ಮೆತ್ತಿಕೊಂಡೇ ಬಂತು.

ಕೊನೆಗೊಂದು ದಿನ ತಾನೇ ಪತ್ತೆಗಿಳಿದ. ಆಟೋ ದೂರ ನಿಲ್ಲಿಸಿ, ಶಾಲೆಯ ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತ. ಆಯಾ ಪೊರಕೆ ಎತ್ತಿಕೊಂಡು ಬಂದಳು! "ಕಳ್ಳ ಅಲ್ಲವ್ವ, ಅಪ್ಪ!" ಎಂದು ಕೂಗಿಕೊಂಡ. ಟೀಚರು ನಗುತ್ತಾ "ಬರ್ರಿ, ಒಳಗೇ ಕೂಡ್ರಿ" ಎಂದರು. ಕುರ್ಚಿ ಗೇಣೆತ್ತರದ್ದು. ಇವನು ಎದ್ದರೆ ಅದೂ ಜೊತೆಗೆ ಎದ್ದಿತಂತೆ!

ಇದನ್ನು ಹೇಳಲು ನೇರ ಹರಿಹರಕ್ಕೆ ನಮ್ಮ ಮನೆಗೇ ಬಂದಿದ್ದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ನಗಲಿಲ್ಲ.

"ಹೊಸದಾಗಿ ಬಂದ ಒಂದು ಕೂಸು ಬಾಗಿಲ ಹತ್ರ ನಿಂತು ಅಳ್ತಿತ್ತಕ್ಕ. ನಮ್ಮಾಕಿ ಆಟ ಬಿಟ್ಟು ಎದ್ದು ಹೋದ್ಲು. ತನ್ನ ಫ್ರಾಕಿನಾಗೇ ಅದರ ಮೂಗು ಒರೆಸಿ, ಕೈ ಹಿಡ್ಕಂಡು ಬಂದು ಪಕ್ಕದಾಗೆ ಕೂಡಿಸ್ಕಂಡ್ಲು. ಹೋಗು ಅಂತ ಯಾರೂ ಹೇಳಿರ್ಲಿಲ್ಲ."

ನನಗೆ ನಮ್ಮ ಶಾಲೆಯ ಬಾಗಿಲು ನೆನಪಾಯಿತು. ಇವನು ಒಂದನೇ ತರಗತಿಗೆ ಸೇರಿದ ದಿನ ಮಧ್ಯಾಹ್ನದವರೆಗೂ ಬಾಗಿಲಲ್ಲಿ ನಿಂತು ಅತ್ತಿದ್ದ. ನಾನು ಮೂರನೇ ತರಗತಿ, ಪಕ್ಕದ ಕೋಣೆಯಲ್ಲೇ ಇದ್ದೆ. "ಅಕ್ಕಾ" ಎಂದು ಕರೆದದ್ದು ಚೆನ್ನಾಗಿ ಕೇಳಿಸಿತ್ತು. ಗೆಳತಿಯರು ನಗುತ್ತಾರೆಂದು ತಲೆ ತಗ್ಗಿಸಿ ಕೂತಿದ್ದೆ.

"ಆ ಶಾಲಿ ಚಲೋ ಐತೆ ಬಿಡಕ್ಕ" ಎಂದ ತಮ್ಮ. ಆಮೇಲೆ ನನ್ನ ಮುಖ ನೋಡಿ, "ಯಾಕ ಸುಮ್ಮನಾದಿ?" ಎಂದು ಕೇಳಿದ.

ನಾನು ಎದ್ದು ಹೋಗಿ ಅವನ ಪಕ್ಕದಲ್ಲಿ ಕೂತೆ.