ಗಿಣಿಯ ಬಟ್ಟಲಲ್ಲಿ ನಾಯಿಯ ಊಟ

ಬೆಳಿಗ್ಗೆ ಏಳು ಗಂಟೆಗೆ ಕ್ಯಾರೆಟ್ಟನ್ನು ಕಡಲೆಕಾಳಿನ ಗಾತ್ರಕ್ಕೆ ಹೆಚ್ಚುತ್ತ ನಿಂತಿದ್ದಾಗ ನನಗೆ ಜ್ಞಾನೋದಯವಾಯಿತು. ಹೆಂಡತಿ ಮೂರು ವಾರದ ತರಬೇತಿಗೆ ಹೋಗಿ ಆಗಿನ್ನೂ ಎರಡು ದಿನ. ಫ್ರಿಜ್ಜಿನ ಬಾಗಿಲಿಗೆ ಅವಳು ಅಂಟಿಸಿದ್ದ ಪಟ್ಟಿಯಲ್ಲಿ ಗಿಣಿಯ ಊಟಕ್ಕೆ ಹನ್ನೊಂದು ಸಾಲು, ನನ್ನ ಊಟಕ್ಕೆ ಒಂದು: ‘ಏನಾದರೂ ಮಾಡಿಕೊಳ್ಳಿ.’ ಗಿಣಿಯ ಹೆಸರು ದೊರೆ. ನಮ್ಮ ಮದುವೆಗಿಂತ ಆರು ವರ್ಷ ಹಿರಿಯ. ಮರಿಯಾಗಿದ್ದಾಗಿನಿಂದ ತುತ್ತಿಟ್ಟು ಸಾಕಿದವಳು ಅವಳು. ದೊರೆ ಹೆಸರು ಹಿಡಿದು ಕರೆಯುವುದೂ ಅವಳೊಬ್ಬಳನ್ನೇ.

ನನ್ನ ಕಾಲ ಬುಡದಲ್ಲಿ ನಾಯಿ ತನ್ನ ಒಣ ಉಂಡೆಗಳನ್ನು ಕಟಕಟ ಕಡಿಯುತ್ತಿತ್ತು. ಚೀಲ ಬಿಚ್ಚು, ಸುರಿ, ಮುಗಿಯಿತು! ಇಂದಿನಿಂದ ಈ ಸಾಮ್ರಾಜ್ಯದಲ್ಲಿ ಎಲ್ಲರಿಗೂ ಒಂದೇ ಚೀಲ ಎಂದು ಘೋಷಿಸಿ ಚಾಕು ಕೆಳಗಿಟ್ಟೆ.

ಹಾಗೆಂದು ನಾನು ದುಡುಕುವವನಲ್ಲ. ಇಪ್ಪತ್ತಾರು ವರ್ಷ ಪತ್ರಿಕೆಯಲ್ಲಿ ವರದಿ ಬರೆದವನು. ಎರಡು ಕಡೆ ವಿಚಾರಿಸದೆ ಒಂದು ಸಾಲನ್ನೂ ಅಚ್ಚಿಗೆ ಕಳಿಸುವವನಲ್ಲ!

ಮೊದಲು ಸಾಕುಪ್ರಾಣಿಗಳ ಆಹಾರದ ಅಂಗಡಿಯವನನ್ನು ಕೇಳಿದೆ. “ಧಾರಾಳವಾಗಿ ಕೊಡಿ ಸಾರ್, ಏನೂ ಆಗಲ್ಲ.”

ಆಮೇಲೆ ಕೆಳಗಿನ ಮನೆಯ ಮೇಷ್ಟ್ರು. ಬಾಲ್ಕನಿಯಲ್ಲಿ ನಾಲ್ಕು ಜೋಡಿ ಲವ್‌ಬರ್ಡ್ಸ್ ಸಾಕಿದವರು. “ಕೊಡಬಹುದು ಕಣಯ್ಯ. ತಜ್ಞರೇ ಹೇಳಿದಾರಲ್ಲ.”

ಎರಡು ಮೂಲ, ಒಂದೇ ಉತ್ತರ. ಸುದ್ದಿ ಖಚಿತ!

ದೊರೆ ಆ ಉಂಡೆಗಳನ್ನು ಒಂದೊಂದಾಗಿ ಕಾಲಲ್ಲಿ ಹಿಡಿದು ತಿಂದ. ಮರುದಿನ ಬಟ್ಟಲು ತುಂಬುವ ಮೊದಲೇ ಕೂಗಿ ಕೇಳಿದ. ನಾಯಿ ಮಾತ್ರ ಆಸ್ತಿ ಪಾಲಾದ ಅಣ್ಣನಂತೆ ಪಂಜರದ ಕೆಳಗೆ ಮುಖ ಸಪ್ಪೆ ಮಾಡಿ ಕೂತಿತು. ಮೂರನೆಯ ವಾರ ದೊರೆ ನೀರು ಜಾಸ್ತಿ ಕುಡಿಯತೊಡಗಿದ. ಹಿಕ್ಕೆ ನೀರಾಯಿತು. ಆಮೇಲೆ ಕೂಗು ನಿಂತಿತು. ಮನೆ ಎಷ್ಟು ಶಾಂತವಾಗಿದೆ ಎಂದು ಸಂತೋಷಪಟ್ಟವನು ನಾನು.

ಹೆಂಡತಿ ಬಂದವಳು ಚಪ್ಪಲಿ ಬಿಡದೆ ಪಂಜರದ ಮುಂದೆ ನಿಂತಳು. ದೊರೆ ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಮುದುಡಿ ಕೂತಿದ್ದ. ಅವಳನ್ನು ನೋಡಿದ, ಕರೆಯಲಿಲ್ಲ.

“ಏನು ತಿನ್ನಿಸಿದ್ರಿ?”

“ಎರಡು ಕಡೆ ವಿಚಾರಿಸಿದ್ದೆ ಕಣೇ...”

“ವಿಚಾರಿಸಿದ್ದು ಬೇಡ. ತಿನ್ನಿಸಿದ್ದು ಹೇಳಿ.”

ಪಕ್ಷಿಗಳ ಡಾಕ್ಟರು ನಾವು ಒಯ್ದಿದ್ದ ನಾಯಿ ಊಟದ ಚೀಲದ ಹಿಂಬದಿ ಓದಿ ಕನ್ನಡಕ ತೆಗೆದರು. “ಎಲ್ಲೋ ಒಂದು ಚೂರು ತಿಂದಿದ್ರೆ ಯೋಚನೆ ಇರಲಿಲ್ಲ. ಮೂರು ವಾರ ಇದನ್ನೇ ಅಂದ್ರೆ? ಇಷ್ಟು ಪ್ರೋಟೀನು, ಕೊಬ್ಬು, ಉಪ್ಪು ನಾಯಿಗೆ ಸರಿ ಸ್ವಾಮಿ. ಈ ಹಕ್ಕಿಯ ಮೂತ್ರಪಿಂಡ ಎಷ್ಟು ಚಿಕ್ಕದು ಗೊತ್ತಾ? ಉಳಿಯುತ್ತೋ ಇಲ್ಲವೋ ಒಂದು ವಾರ ಕಳೆದ ಮೇಲೆ ಹೇಳ್ತೀನಿ. ಯಾವ ಪುಣ್ಯಾತ್ಮ ಹೇಳಿದ್ದು ನಿಮಗೆ?”

ಆ ಪುಣ್ಯಾತ್ಮನ ಗ್ರಹಚಾರ ಬಿಡಿಸಲು ಹೆಂಡತಿಯನ್ನೂ ಕರೆದುಕೊಂಡು ನೇರ ಅಂಗಡಿಗೆ ನುಗ್ಗಿದೆ.

“ನಾನೇನು ಓದಿದವನಾ ಸಾರ್? ಮೇಷ್ಟ್ರು ತಂದುಕೊಟ್ಟ ಪೇಪರ್ ನೋಡಿ ಹೇಳಿದ್ದು,” ಎಂದು ಅಂಗಡಿಯವನು ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆ ತೋರಿಸಿದ. ಹನ್ನೊಂದು ವರ್ಷ ಹಳೆಯ ತುಣುಕು, ಪ್ಲಾಸ್ಟಿಕ್ ಹೊದಿಕೆಯೊಳಗೆ ಹಳದಿಗಟ್ಟಿತ್ತು. ‘ನಾಯಿಯ ಒಣ ಆಹಾರವನ್ನು ಗಿಣಿಗಳಿಗೂ ನಿಶ್ಚಿಂತೆಯಿಂದ ನೀಡಬಹುದು ಎನ್ನುತ್ತಾರೆ ತಜ್ಞರು.’ ನಮ್ಮದೇ ಪತ್ರಿಕೆ. ನಮ್ಮದೇ ವಾರದ ಪುರವಣಿ. ಬರೆದವರ ಹೆಸರಿರಲಿಲ್ಲ. ಆದರೆ ‘ನಿಶ್ಚಿಂತೆಯಿಂದ’ ಎಂದು ಅಷ್ಟು ನಿಶ್ಚಿಂತೆಯಿಂದ ಬರೆಯುವವನು ಆ ಕಚೇರಿಯಲ್ಲಿ ಒಬ್ಬನೇ ಇದ್ದ. ನನ್ನ ಎರಡು ಮೂಲಗಳೂ ನಾನೇ!

ಹೆಂಡತಿ ನನ್ನ ಮುಖ ನೋಡಿದಳು. ಹದಿನಾರು ವರ್ಷದ ಸಂಸಾರ, ಹೇಳುವ ಅಗತ್ಯವಿರಲಿಲ್ಲ.

“ತಜ್ಞರು ಅಂದ್ರೆ ಯಾರ್ರೀ?”

“ಅವತ್ತು ಡಾಕ್ಟರು ಫೋನ್ ಎತ್ತಲಿಲ್ಲ ಕಣೇ.”

“ಅದಕ್ಕೆ?”

“ಪುಟದಲ್ಲಿ ಜಾಗ ಖಾಲಿ ಇತ್ತು.”

ಅವಳು ಅಂಗಡಿಯವನನ್ನು ಕೇಳಿ ಆ ತುಣುಕನ್ನು ಗೋಡೆಯಿಂದ ಕೀಳಿಸಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು.

ನಾಳೆ ಒಂಬತ್ತು ಗಂಟೆಗೆ ದೊರೆಗೆ ಎರಡನೆಯ ರಕ್ತಪರೀಕ್ಷೆ. ಅವಳು ರಜೆ ಹಾಕಿದ್ದಾಳೆ. ನಾನು ಜೊತೆಗೆ ಬರಬಾರದಂತೆ.